ಡ್ರಮ್ಸ್ ಪಕ್ಕದಲ್ಲಿ ನಿಂತು ಬ್ಯಾಂಡ್ ನಡೆಸಿದ ಮಾಲ್ಕಮ್ ಯಂಗ್

(ಗಿಟಾರ್ ಕಲಿಯುತ್ತಿರುವ ಗೆಳೆಯರ ಮುಂದೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ನಡುನಡುವೆ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಶಾಲೆ ಹುಡುಗನ ವೇಷ. ಚಡ್ಡಿ, ಟೈ, ಟೋಪಿ, ಕೈಯಲ್ಲೊಂದು ಗಿಬ್ಸನ್ ಎಸ್‌ಜಿ, ಸ್ಟೇಜಿನ ಈ ತುದಿಯಿಂದ ಆ ತುದಿಗೆ ಓಟ. ಅದು ಆಂಗಸ್ ಯಂಗ್. ಇವತ್ತಿನ ಮಾತು ಅವನ ಬಗ್ಗೆ ಅಲ್ಲ. ಅವನ ಹಿಂದೆ, ಡ್ರಮ್ಸ್ ಪಕ್ಕದಲ್ಲಿ, ಜೀನ್ಸ್ ತೊಟ್ಟು ಕಾಲು ಕುಣಿಸುತ್ತಾ ನಿಂತಿರುತ್ತಿದ್ದ ಕುಳ್ಳನೆಯ ಮನುಷ್ಯನೊಬ್ಬನಿದ್ದ. ಆಂಗಸ್‌ಗಿಂತ ಎರಡು ವರ್ಷ ದೊಡ್ಡವನು, ಅವನ ಅಣ್ಣ ಮಾಲ್ಕಮ್ ಯಂಗ್. ಆ ಬ್ಯಾಂಡಿನ ರಿದಮ್ ಗಿಟಾರ್ ವಾದಕ, ಅಂದರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೊಡೆದು ಹಾಡಿನ ಲಯ ಹಿಡಿಯುವವನು.

ರಿದಮ್ ಗಿಟಾರ್ ಅಂದರೆ ಲೀಡ್, ಅಂದರೆ ಸೋಲೋ, ನುಡಿಸಲು ಬಾರದವರಿಗೆ ಕೊಡುವ ಕೆಲಸ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಾಲೇಜು ಬ್ಯಾಂಡುಗಳಲ್ಲಿ ಇದನ್ನು ದಿನವೂ ನೋಡುತ್ತೇವೆ. ಇಬ್ಬರು ಗಿಟಾರ್‌ನವರು ಸೇರಿದರೆ ಮೊದಲ ಜಗಳವೇ ಸೋಲೋ ಯಾರದು ಅಂತ. ಸೋತವನು ಮುಖ ಸಣ್ಣದು ಮಾಡಿಕೊಂಡು ಕಾರ್ಡ್ ಹೊಡೆಯುತ್ತಾನೆ. ಮಾಲ್ಕಮ್ ಯಂಗ್‌ನ ಕಥೆ ಹೇಳಲು ನಾನು ಬಂದಿರುವುದು ಇದಕ್ಕೇ. ಎಸಿ/ಡಿಸಿಯನ್ನು ಹುಟ್ಟುಹಾಕಿದವನು ಅವನು. ಅದರ ದೊಡ್ಡ ರಿಫ್‌ಗಳಲ್ಲಿ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳಲ್ಲಿ, ಅನೇಕವು ಅವನವು. ಹಾಡು ಎಷ್ಟು ವೇಗದಲ್ಲಿ ಹೋಗಬೇಕು, ಯಾರು ತಂಡದಲ್ಲಿರಬೇಕು, ಯಾವ ಊರಿಗೆ ಗಂಟುಮೂಟೆ ಕಟ್ಟಬೇಕು, ಇವೆಲ್ಲದರಲ್ಲೂ ಕೊನೆಯ ಮಾತು ಅವನದೇ. ಸೋಲೋವನ್ನು ಅವನು ತಮ್ಮನಿಗೆ ಬಿಟ್ಟುಕೊಟ್ಟದ್ದು ಸೋತು ಅಲ್ಲ, ಕೇಳಿ ನೋಡಿ, ಯೋಚಿಸಿ.

ಮೊದಲು ಮನೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಇವನ ಸಂಗೀತದ ಬೇರು ಅಲ್ಲೇ ಇದೆ. ಮಾಲ್ಕಮ್ ಹುಟ್ಟಿದ್ದು 1953ರ ಜನವರಿ 6ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಎಂಟು ಮಕ್ಕಳ ಸಂಸಾರ. ಏಳು ಗಂಡು, ಒಂದು ಹೆಣ್ಣು. ಕೊನೆಯ ಇಬ್ಬರು ಮಾಲ್ಕಮ್ ಮತ್ತು ಆಂಗಸ್. ಬ್ರಿಟನ್ನಿನಲ್ಲಿ 1962-63ರ ಚಳಿಗಾಲ ಭೀಕರವಾಗಿತ್ತು. ಆಗ ಆಸ್ಟ್ರೇಲಿಯಾ ಸರ್ಕಾರ ವಲಸೆ ಬರುವ ಬ್ರಿಟಿಷ್ ಕುಟುಂಬಗಳ ಪ್ರಯಾಣದ ಖರ್ಚಿನ ಬಹುಪಾಲು ತಾನೇ ಹೊರುತ್ತಿತ್ತು. 1963ರಲ್ಲಿ ಯಂಗ್ ಕುಟುಂಬ ಸಿಡ್ನಿಗೆ ಬಂತು. ಮೊದಲು ಇಳಿದದ್ದು ವಿಲ್ಲವುಡ್ ಎಂಬಲ್ಲಿದ್ದ ವಲಸಿಗರ ಹಾಸ್ಟೆಲ್‌ನಲ್ಲಿ.

ಆ ಹಾಸ್ಟೆಲ್ಲಿಗೆ ರಾಕ್ ಸಂಗೀತ ದೊಡ್ಡ ಋಣ ತೀರಿಸಬೇಕಿದೆ. ಮಾಲ್ಕಮ್‌ನ ಅಣ್ಣ ಜಾರ್ಜ್‌ಗೆ ಅಲ್ಲಿ ಹಾಲೆಂಡಿನಿಂದ ಬಂದಿದ್ದ ಹ್ಯಾರಿ ವಾಂಡಾ ಸಿಕ್ಕಿದ. ಇಬ್ಬರೂ ಇನ್ನೂ ಮೂವರ ಜೊತೆ ಸೇರಿ ಈಸಿಬೀಟ್ಸ್ ಎಂಬ ಬ್ಯಾಂಡ್ ಕಟ್ಟಿದರು. ಅವರ 'ಫ್ರೈಡೇ ಆನ್ ಮೈ ಮೈಂಡ್' 1966ರಲ್ಲಿ ಇಂಗ್ಲೆಂಡಿನಲ್ಲೂ ಮೊದಲ ಹತ್ತರೊಳಗೆ ಬಂತು. ಶಾಲೆಯಿಂದ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಅಣ್ಣನ ಅಭಿಮಾನಿಗಳ ಗುಂಪು. ಹನ್ನೆರಡು ಹದಿಮೂರರ ಹುಡುಗನಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕೇ? ಆದರೆ ಅದೇ ಮನೆಯಲ್ಲಿ ಇನ್ನೊಂದು ಪಾಠವೂ ಇತ್ತು. ಈಸಿಬೀಟ್ಸ್ 1969ರಲ್ಲಿ ಮುಗಿದುಹೋಯಿತು. ಬಂದ ಹೆಸರಿಗೆ ತಕ್ಕ ಹಣ ಅವರ ಕೈಗೆ ಬಂದಿರಲಿಲ್ಲ. ಹಾಡು ಬರೆದರೆ ಸಾಲದು, ಲೆಕ್ಕವನ್ನೂ ನೋಡಿಕೊಳ್ಳಬೇಕು ಎಂಬುದನ್ನು ತಮ್ಮಂದಿರು ಮನೆಯಲ್ಲೇ ಕಲಿತರು. ಮುಂದೆ ಮಾಲ್ಕಮ್ ಕರಾರು, ದುಡ್ಡು, ಮ್ಯಾನೇಜರುಗಳ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದದ್ದು ಸುಮ್ಮನೆ ಅಲ್ಲ ಎನ್ನುವುದು ನನ್ನ ಅನಿಸಿಕೆ.

ಹದಿನೈದಕ್ಕೆ ಶಾಲೆ ಬಿಟ್ಟು ಮಾಲ್ಕಮ್ ಹೆಂಗಸರ ಒಳ ಉಡುಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಹಗಲು ಯಂತ್ರ, ರಾತ್ರಿ ಗಿಟಾರ್. ಬ್ಯಾಂಡಿನ ಹೆಸರು ಬಂದದ್ದೂ ಹೊಲಿಗೆ ಯಂತ್ರದಿಂದಲೇ. ಅಕ್ಕ ಮಾರ್ಗರೆಟ್ ತನ್ನ ಯಂತ್ರದ ಮೇಲೆ ಎಸಿ/ಡಿಸಿ ಎಂದು ಬರೆದಿದ್ದನ್ನು ಕಂಡು ಸೂಚಿಸಿದ ಹೆಸರು ಅದು. ಆಂಗಸ್‌ನ ಶಾಲೆ ಸಮವಸ್ತ್ರದ ಉಪಾಯವೂ ಅವಳದೇ. ಬ್ಯಾಂಡ್ ಶುರುವಾದದ್ದು 1973ರ ಕೊನೆಯಲ್ಲಿ. ಆ ವರ್ಷದ ಡಿಸೆಂಬರ್ 31ರ ರಾತ್ರಿ ಸಿಡ್ನಿಯ ಚೆಕರ್ಸ್ ಎಂಬ ನೈಟ್‌ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಮಾಲ್ಕಮ್‌ಗೆ ಆಗ ಇಪ್ಪತ್ತು ವರ್ಷ.

ಶುರುವಿನಲ್ಲಿ ಸೋಲೋ ಇಬ್ಬರೂ ನುಡಿಸುತ್ತಿದ್ದರು. 1975ರ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ಬಂದ ಮೊದಲ ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಮಾಲ್ಕಮ್‌ನ ಸೋಲೋ ಕೇಳಬಹುದು. ಚೆನ್ನಾಗಿಯೇ ಇದೆ. ಅಂದರೆ ಅವನಿಗೆ ಬರುತ್ತಿತ್ತು. ಆದರೆ ತಮ್ಮ ಸೋಲೋಗೆ ಹೊರಟರೆ ಅವನ ಮೈಯೆಲ್ಲ ಅದರಲ್ಲೇ ಕರಗಿಹೋಗುತ್ತದೆ, ತನಗೆ ಹಾಗಾಗುವುದು ಕಾರ್ಡ್ ಹೊಡೆಯುವಾಗ, ಇದನ್ನು ಮಾಲ್ಕಮ್ ಬೇಗ ಗುರುತಿಸಿದ. ಮುಂದಿನ ಮೂವತ್ತೈದು ವರ್ಷ ಆ ತೀರ್ಮಾನದಿಂದ ಹಿಂದೆ ಸರಿಯಲಿಲ್ಲ.

ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗದವರು ಸರ್ವಲಘು, ಅಂದರೆ ತಾಳದ ನಡಿಗೆಯನ್ನು ಸರಳವಾಗಿ ಹಿಡಿದು ಹೋಗುವ ಪಾಠ, ನುಡಿಸುವುದನ್ನು ಕೇಳಿದ್ದೀರಿ. ಮೃದಂಗ ಒಂಟಿಯಾಗಿ ಮೆರೆಯುವ ತನಿ ಆವರ್ತನಕ್ಕೆ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಅಷ್ಟು ಹೊತ್ತೂ ಹಾಡುವವರನ್ನು ನೆಮ್ಮದಿಯಾಗಿ ಹೊತ್ತು ನಡೆಸಿದ್ದು ಸರ್ವಲಘು. ತಿಳಿದವರು ಮೃದಂಗದ ಕೈಯನ್ನು ಅಳೆಯುವುದು ಅಲ್ಲೇ. ಮಾಲ್ಕಮ್‌ನ ಗಿಟಾರನ್ನು ಆ ಕಿವಿಯಿಂದ ಕೇಳಿದರೆ ಅವನು ಏನು ಮಾಡುತ್ತಿದ್ದಾನೆ ಅನ್ನುವುದು ಬೇಗ ಗೊತ್ತಾಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಅವನ ಗಿಟಾರಿಗೆ.

ಅದು 1963ರ ಗ್ರೆಚ್ ಜೆಟ್ ಫೈರ್‌ಬರ್ಡ್. ಹ್ಯಾರಿ ವಾಂಡಾನ ಕೈಯಿಂದ ಹುಡುಗ ಮಾಲ್ಕಮ್‌ಗೆ ಬಂದದ್ದು. ಮೂಲದಲ್ಲಿ ಅದರ ಮುಖ ಕೆಂಪು, ನೋಡಲು ಬಲು ಸೊಗಸು. ಮಾಲ್ಕಮ್ ಆ ಬಣ್ಣವನ್ನೆಲ್ಲ ಕೆರೆದು ತೆಗೆದ. ಒಳಗಿನ ಮೇಪಲ್ ಮರ ಬೆತ್ತಲಾಗಿ ಕಂಡಿತು. ಆಮೇಲೆ ಪಿಕಪ್‌ಗಳನ್ನು ಕಿತ್ತ. ಹೊಸಬರಿಗಾಗಿ ಒಂದು ಮಾತು: ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ. ಗಿಟಾರಿನ ಕುತ್ತಿಗೆಯ ಹತ್ತಿರದ ಪಿಕಪ್ ದುಂಡಗಿನ, ಮೆತ್ತನೆಯ ನಾದ ಕೊಡುತ್ತದೆ. ತಂತಿಗಳು ಕೆಳಗಡೆ ಕೂರುವ ಬ್ರಿಡ್ಜ್ ಹತ್ತಿರದ್ದು ಮೊನಚು, ಒರಟು. ಬಹುತೇಕ ವಾದಕರಿಗೆ ಎರಡೂ ಬೇಕು, ಸ್ವಿಚ್ ಒತ್ತಿ ಅತ್ತಿತ್ತ ಹೋಗುತ್ತಿರುತ್ತಾರೆ. ಮಾಲ್ಕಮ್ ಬ್ರಿಡ್ಜ್ ಹತ್ತಿರದ್ದೊಂದನ್ನೇ ಇಟ್ಟುಕೊಂಡ. ಕಿತ್ತ ಜಾಗದ ಗುಂಡಿಗಳು ಹಾಗೇ ಉಳಿದವು. ಅವನ ಅನೇಕ ಫೋಟೋಗಳಲ್ಲಿ ಆ ಗುಂಡಿಗಳು ಕಾಣುತ್ತವೆ. ಮುಂದೆ ಗ್ರೆಚ್ ಕಂಪನಿ ಅವನ ಹೆಸರಿನಲ್ಲೇ ಒಂದು ಮಾದರಿ ತಂದಿತು.

ತಂತಿಗಳಿಗೆ ಬನ್ನಿ. ಆಂಗಸ್ ಹಾಕುತ್ತಿದ್ದದ್ದು ತೆಳ್ಳನೆಯ ತಂತಿ, ಮೊದಲನೆಯದು ಇಂಚಿನ ಸಾವಿರ ಭಾಗಗಳಲ್ಲಿ ಒಂಬತ್ತರಷ್ಟು ದಪ್ಪ ಅನ್ನುತ್ತಾರಲ್ಲ, ಆ ಒಂಬತ್ತರ ಸೆಟ್. ಮಾಲ್ಕಮ್‌ನದು ಹನ್ನೆರಡರಿಂದ ಐವತ್ತಾರು. ಇಲ್ಲಿ ಕೂತಿರುವ ಎಲೆಕ್ಟ್ರಿಕ್ ನುಡಿಸುವವರು ಈಗಲೇ ಬೆರಳು ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ. ಹೌದು, ಅಷ್ಟು ದಪ್ಪ. ಅವನ ಮೂರನೇ ತಂತಿಯೂ ಅಕೂಸ್ಟಿಕ್ ಗಿಟಾರಿನಂತೆ ಸುತ್ತು ಹಾಕಿದ ತಂತಿ. ಇದರಲ್ಲಿ ಬೆಂಡ್ ಮಾಡಲು, ಅಂದರೆ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಲು, ಹೋದರೆ ಬೆರಳು ಮುರಿದೀತು. ಹಾಗಾದರೆ ಯಾಕೆ? ತೆಳು ತಂತಿಯನ್ನು ಜೋರಾಗಿ ಹೊಡೆದರೆ ಅದು ಆ ಕ್ಷಣ ಹೆಚ್ಚು ಎಳೆದುಕೊಂಡು ಸ್ವರ ಮೇಲಕ್ಕೆ ಜಾರುತ್ತದೆ, ಶ್ರುತಿ ಕೆಡುತ್ತದೆ. ದಪ್ಪ ತಂತಿ ಬಿಗಿಯಾಗಿ ನಿಂತಿರುತ್ತದೆ. ಎಷ್ಟೇ ಜೋರಾಗಿ ಹೊಡೆದರೂ ಜಾಗ ಬಿಟ್ಟು ಅಲುಗುವುದು ಕಡಿಮೆ. ಮಾಲ್ಕಮ್‌ನ ಬಲಗೈ ಎಂಥ ಜೋರಿನದು ಎಂದರೆ ಅವನಿಗೆ ಅಂಥ ತಂತಿಯೇ ಬೇಕಿತ್ತು.

ಮೂರನೆಯದು ಆಂಪ್, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಎಸಿ/ಡಿಸಿ ಕೇಳಿ ನುಡಿಸಲು ಹೊರಟ ನಮ್ಮ ಹುಡುಗರು ಮೊದಲು ಮಾಡುವ ಕೆಲಸ ಡಿಸ್ಟಾರ್ಷನ್ ಪೆಡಲ್, ಅಂದರೆ ನಾದವನ್ನು ಒಡೆದು ಒರಟು ಮಾಡುವ ಸಾಧನ, ಪೂರ್ತಿ ತಿರುಗಿಸುವುದು. ಆಮೇಲೆ ಎಷ್ಟು ಒದ್ದಾಡಿದರೂ ಆ ಸದ್ದು ಬರುವುದಿಲ್ಲ. ಏಕೆಂದರೆ ಮಾಲ್ಕಮ್‌ನ ಗಿಟಾರಿನಲ್ಲಿ ನಾವು ಅಂದುಕೊಂಡಷ್ಟು ಡಿಸ್ಟಾರ್ಷನ್ ಇಲ್ಲವೇ ಇಲ್ಲ. ದೊಡ್ಡ ಮಾರ್ಷಲ್ ಆಂಪ್, ಅದರಲ್ಲಿ ಹೆಚ್ಚುಕಡಿಮೆ ಶುದ್ಧವಾದ ನಾದ, ಅಂಚಿನಲ್ಲಿ ಸ್ವಲ್ಪ ಬಿರುಕು, ಅಷ್ಟೇ. ಒರಟುತನ ಬರುವುದು ಕೈಯಿಂದ. ಇದರಿಂದ ಒಂದು ದೊಡ್ಡ ಲಾಭವಿದೆ. ಡಿಸ್ಟಾರ್ಷನ್ ಹೆಚ್ಚಿದರೆ ಆರು ತಂತಿಯ ಪೂರ್ತಿ ಕಾರ್ಡ್ ಕಲಸಿಹೋಗುತ್ತದೆ, ಆಗ ಎರಡು ಮೂರು ತಂತಿಯ ಪವರ್ ಕಾರ್ಡ್ ಹಿಡಿಯದೆ ಗತಿಯಿಲ್ಲ. ಮಾಲ್ಕಮ್ ಹಿಡಿಯುತ್ತಿದ್ದದ್ದು ನಾವೆಲ್ಲ ಮೊದಲ ತಿಂಗಳಲ್ಲಿ ಕಲಿಯುವ, ಕೆಲವು ತಂತಿಗಳನ್ನು ಒತ್ತದೆ ಬಿಡುವ ಓಪನ್ ಕಾರ್ಡ್‌ಗಳನ್ನೇ. ಎ, ಡಿ, ಜಿ, ಇ. ಆ ಕಾರ್ಡ್‌ಗಳ ಎಲ್ಲ ತಂತಿಗಳೂ ಬೇರೆಬೇರೆಯಾಗಿ ಕೇಳುತ್ತವೆ, ಒಟ್ಟಿಗೂ ಕೇಳುತ್ತವೆ. ಎಸಿ/ಡಿಸಿಯ ಗಾತ್ರ ಅಂತ ನಾವು ಏನನ್ನು ಅನುಭವಿಸುತ್ತೇವೋ ಅದರಲ್ಲಿ ಅರ್ಧ ಇದೇ.

ಇನ್ನರ್ಧ ಇರುವುದು ಬಿಟ್ಟ ಜಾಗದಲ್ಲಿ. 'ಹೈವೇ ಟು ಹೆಲ್' ಶುರುವಾಗುವುದನ್ನು ನೆನಪಿಸಿಕೊಳ್ಳಿ. ಗಿಟಾರ್ ಒಂದೇ. ಎ ಕಾರ್ಡ್ ಹೊಡೆತ, ನಿಲುಗಡೆ. ಡಿ, ಜಿ, ಮತ್ತೆ ನಿಲುಗಡೆ. ಪ್ರತಿ ಸಲವೂ ತಂತಿಯ ಮೇಲೆ ಕೈ ಇಟ್ಟು ನಾದವನ್ನು ಕತ್ತರಿಸುತ್ತಾನೆ. ನಾದ ತಾನಾಗಿ ಸಾಯಲು ಬಿಡುವುದಿಲ್ಲ. ಆ ಖಾಲಿ ಜಾಗದೊಳಗೆ ಫಿಲ್ ರಡ್‌ನ ಡ್ರಮ್ಸ್ ಬಂದು ಕೂರುತ್ತದೆ. ಅಲ್ಲಿ ಗಿಟಾರ್ ಮುಂದುವರಿದಿದ್ದರೆ ಡ್ರಮ್ಸ್‌ನ ಹೊಡೆತ ಗಿಟಾರಿನ ಹಿಂದೆ ಅಡಗಿಹೋಗುತ್ತಿತ್ತು. ನುಡಿಸದೆ ಇರುವ ಆ ಅರೆಕ್ಷಣವೂ ಲೆಕ್ಕದಲ್ಲಿರಬೇಕು, ಅದೂ ತಾಳಕ್ಕೆ ಸರಿಯಾಗಿ ಮುಗಿಯಬೇಕು. ಕಾರ್ಡ್ ಶುರುಮಾಡುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತೇವೆ, ಮುಗಿಸುವುದನ್ನು ಅಭ್ಯಾಸ ಮಾಡುವವರು ಕಡಿಮೆ.

ಇದನ್ನು ಅವನಿಗೆ ಕಲಿಸಿದವನು ಅಣ್ಣ ಜಾರ್ಜ್. ಈಸಿಬೀಟ್ಸ್ ಮುಗಿದ ಮೇಲೆ ಜಾರ್ಜ್ ಮತ್ತು ಹ್ಯಾರಿ ವಾಂಡಾ ಸಿಡ್ನಿಯ ಆಲ್ಬರ್ಟ್ಸ್ ಸಂಸ್ಥೆಯಲ್ಲಿ ನಿರ್ಮಾಪಕರಾಗಿ ಕೂತರು. ಎಸಿ/ಡಿಸಿಯ ಮೊದಲ ಆಲ್ಬಮ್‌ಗಳೆಲ್ಲ ಅವರ ಕೈಯಲ್ಲೇ ಆದವು. ಜಾರ್ಜ್‌ನ ನಿಯಮ ಒಂದೇ: ಹಾಡಿಗೆ ನಡೆ ಇರಬೇಕು, ಸಣ್ಣಪುಟ್ಟ ತಪ್ಪುಗಳಿಗಾಗಿ ನಡೆಯನ್ನು ಬಲಿಕೊಡಬಾರದು. 'ಲೆಟ್ ದೇರ್ ಬಿ ರಾಕ್' ರೆಕಾರ್ಡ್ ಮಾಡುವಾಗ ಆಂಗಸ್‌ನ ಆಂಪ್‌ನಿಂದ ಹೊಗೆ ಏಳಲು ಶುರುವಾಯಿತಂತೆ. ಗಾಜಿನಾಚೆ ಕೂತಿದ್ದ ಜಾರ್ಜ್ ನಿಲ್ಲಿಸಬೇಡ, ನುಡಿಸು ಎಂದು ಕೈ ಬೀಸಿದ. ಆಂಪ್ ಸುಟ್ಟುಹೋಯಿತು, ಹಾಡು ಉಳಿಯಿತು. ಇಂಥ ಅಣ್ಣನ ಕೈಕೆಳಗೆ ಕಲಿತವರು ಇವರು.

ರಿಫ್ ಹುಟ್ಟುವ ಬಗೆಗೂ ಒಂದು ಉದಾಹರಣೆ ಕೊಡುತ್ತೇನೆ. 1979ರ ಪ್ರವಾಸದ ಹೊತ್ತಿಗೆ ಮಾಲ್ಕಮ್ ಒಂದು ರಿಫ್ ಮಾಡಿ ಕ್ಯಾಸೆಟ್‌ನಲ್ಲಿ ಇಟ್ಟುಕೊಂಡಿದ್ದ. ಕೆಲವು ವಾರ ಅದರ ಜೊತೆ ಗುದ್ದಾಡಿದರೂ ಅದು ಒಳ್ಳೆಯದೋ ಕಸವೋ ತಿಳಿಯಲಿಲ್ಲ. ಒಂದು ರಾತ್ರಿ ತಮ್ಮನಿಗೆ ಕೇಳಿಸಿದ. ಎಸೆಯುವುದಾದರೆ ನನಗೆ ಕೊಡು ಎನ್ನುವ ಧಾಟಿಯಲ್ಲಿ ಆಂಗಸ್ ಉತ್ತರಿಸಿದ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು 'ಬ್ಯಾಕ್ ಇನ್ ಬ್ಲ್ಯಾಕ್'. ಅದರಲ್ಲಿ ಇರುವುದೇನು? ಇ ಕಾರ್ಡ್ ಒಂದೇ ಒಂದು ಹೊಡೆತ. ಜಾಗ. ಡಿ, ಚುಟುಕಾಗಿ ಮೂರು. ಜಾಗ. ಎ, ಚುಟುಕಾಗಿ ಮೂರು. ಆಮೇಲೆ ಒಂದು ಪುಟ್ಟ ಸ್ವರಗುಚ್ಛ. ಇಡೀ ಜಗತ್ತಿನಲ್ಲಿ ಗಿಟಾರ್ ಅಂಗಡಿಗೆ ಕಾಲಿಟ್ಟ ಹುಡುಗ ಹುಡುಗಿಯರು ನುಡಿಸಿ ನೋಡುವ ರಿಫ್. ಮೂರು ಕಾರ್ಡ್ ಗೊತ್ತಿದ್ದರೆ ಸಾಕು, ಸ್ವರಗಳು ಸಿಕ್ಕಿಬಿಡುತ್ತವೆ. ಆ ಜಾಗಗಳು ಸಿಗಲು ವರ್ಷಗಳು ಬೇಕು.

ಆ ಹಾಡು ಹಾಡಾಗುವ ಮೊದಲು ಒಂದು ಸಾವು ಬಂತು. 1980ರ ಫೆಬ್ರವರಿ 19ರಂದು ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡ, 33ನೇ ವಯಸ್ಸಿಗೆ. ಬ್ಯಾಂಡ್ ಅಮೆರಿಕದಲ್ಲಿ ಆಗಷ್ಟೇ ಮೇಲೆ ಬರುತ್ತಿದ್ದ ಸಮಯ. ಆಸ್ಟ್ರೇಲಿಯಾದಲ್ಲಿ ಅಂತ್ಯಸಂಸ್ಕಾರ ಮುಗಿದ ಮೇಲೆ ಬಾನ್‌ನ ತಂದೆಯೇ ಸೋದರರಿಗೆ ನೀವು ಮುಂದುವರಿಸಬೇಕು ಅಂದರು. ಲಂಡನ್ನಿಗೆ ಮರಳಿದ ಮಾಲ್ಕಮ್ ತಮ್ಮನಿಗೆ ಫೋನ್ ಮಾಡಿ, ಸುಮ್ಮನೆ ಕೂತು ಕೊರಗುವುದಕ್ಕಿಂತ ಬಾ, ಹಾಡಿನ ಕೆಲಸ ಮಾಡೋಣ ಅಂದ. ಇಬ್ಬರೇ ಒಂದು ಕೋಣೆಯಲ್ಲಿ ಕೂತು ಅರ್ಧಕ್ಕೆ ನಿಂತಿದ್ದ ರಿಫ್‌ಗಳನ್ನು ಕೈಗೆತ್ತಿಕೊಂಡರು. ಮುಂದೆ ನ್ಯೂಕಾಸಲ್‌ನ ಬ್ರಯಾನ್ ಜಾನ್ಸನ್ ಗಾಯಕನಾಗಿ ಬಂದ. ಬಹಾಮಾಸ್‌ನ ನಸ್ಸಾವಿನಲ್ಲಿ ರೆಕಾರ್ಡಿಂಗ್. ಜುಲೈ 25ಕ್ಕೆ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ ಅಂಗಡಿಗೆ ಬಂದೇಬಿಟ್ಟಿತು, ಬಾನ್ ಹೋಗಿ ಐದು ತಿಂಗಳು ದಾಟಿತ್ತು ಅಷ್ಟೇ. ಹೊದಿಕೆ ಪೂರ್ತಿ ಕಪ್ಪು, ಗೆಳೆಯನ ಸೂತಕ. ಅಮೆರಿಕ ಒಂದರಲ್ಲೇ ಅದು 2.5 ಕೋಟಿಗೂ ಹೆಚ್ಚಿನ ಪ್ರಮಾಣದಲ್ಲಿ ಮಾರಾಟವಾಗಿದೆ ಎಂದು ಅಲ್ಲಿನ ರೆಕಾರ್ಡಿಂಗ್ ಉದ್ಯಮದ ಸಂಘ ಪ್ರಮಾಣೀಕರಿಸಿದೆ.

ಈ ಆಲ್ಬಮನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡು ಗಿಟಾರ್‌ಗಳನ್ನು ಎರಡು ಕಿವಿಗೆ ಹಂಚಿದ್ದಾರೆ. ಒಮ್ಮೆ ಒಂದು ಕಿವಿಯದ್ದನ್ನು ತೆಗೆದಿಟ್ಟು ಕೇಳಿ, ಆಮೇಲೆ ಇನ್ನೊಂದು ಕಿವಿಯದ್ದನ್ನು. ಒಂದು ಕಡೆ ಗಿಟಾರ್ ಅಲೆಯುತ್ತದೆ, ಮೇಲೇರುತ್ತದೆ, ಸೋಲೋಗೆ ಹಾರುತ್ತದೆ. ಇನ್ನೊಂದು ಕಡೆ, ಹಾಡು ಮುಗಿಯುವವರೆಗೂ, ಅದೇ ಬಲ, ಅದೇ ಅಳತೆ. ಸೋಲೋ ಶುರುವಾದಾಗ ಹೆಚ್ಚಿನ ಬ್ಯಾಂಡ್‌ಗಳಲ್ಲಿ ಕೆಳಗಿನ ನೆಲ ಸ್ವಲ್ಪ ತೆಳ್ಳಗಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಆಂಗಸ್ ಅಷ್ಟು ನಿರ್ಭಯವಾಗಿ ನುಡಿಸಿದ್ದು ಅಣ್ಣನ ಆ ಕೈ ನಂಬಿಕೊಂಡು.

ಸ್ಟೇಜಿನ ಮೇಲೂ ಅವನದು ಒಂದು ಶಿಸ್ತು. ವಿಡಿಯೋಗಳಲ್ಲಿ ಗಮನಿಸಿ. ಪಲ್ಲವಿ ಬಂದಾಗ ಮಾಲ್ಕಮ್ ಒಂದು ಕಡೆಯಿಂದ, ಬಾಸ್‌ನ ಕ್ಲಿಫ್ ವಿಲಿಯಮ್ಸ್ ಇನ್ನೊಂದು ಕಡೆಯಿಂದ ಮುಂದಿನ ಮೈಕಿಗೆ ನಡೆದು ಬರುತ್ತಾರೆ. ದನಿಗೂಡಿಸುತ್ತಾರೆ. ಸಾಲು ಮುಗಿದದ್ದೇ ಇಬ್ಬರೂ ಹಿಂದಕ್ಕೆ, ಆಂಪ್‌ಗಳ ಹತ್ತಿರ. ಪ್ರತಿ ಪಲ್ಲವಿಗೂ ಹಾಗೇ. ಮೈಕಿನ ಮುಂದೆ ಒಂದು ಕ್ಷಣವೂ ಹೆಚ್ಚು ನಿಲ್ಲುವುದಿಲ್ಲ. ಹಿಂದೆ ಹೋದರೆ ಡ್ರಮ್ಸ್ ಚೆನ್ನಾಗಿ ಕೇಳುತ್ತದೆ, ಇಡೀ ಬ್ಯಾಂಡ್ ಕಣ್ಣಿಗೆ ಕಾಣುತ್ತದೆ. ಬ್ಯಾಂಡ್ ನಡೆಸುವವನಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ನಡೆಸುವುದು ಅಂದಾಗ ಅವನ ಕಠಿಣ ಮುಖವನ್ನೂ ಹೇಳಬೇಕು. 1976ರಲ್ಲಿ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಹೆಸರಿದ್ದಾಗಲೇ ಎಲ್ಲ ಬಿಟ್ಟು ಲಂಡನ್ನಿನ ಪಬ್ಬುಗಳಲ್ಲಿ ಮೊದಲಿಂದ ಶುರುಮಾಡಿದರು. ಅಮೆರಿಕದ ರೆಕಾರ್ಡ್ ಕಂಪನಿ ಅದೇ ವರ್ಷದ 'ಡರ್ಟಿ ಡೀಡ್ಸ್' ಆಲ್ಬಮನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ. ಅದು ಅಲ್ಲಿ ಬಂದದ್ದು 1981ಕ್ಕೆ, ಬ್ಯಾಂಡ್ ಗೆದ್ದ ಮೇಲೆ. ಆದರೂ ಹಾಡಿನ ಬಗೆ ಬದಲಿಸಲಿಲ್ಲ. ತಂಡದೊಳಗೂ ದಾಕ್ಷಿಣ್ಯವಿರಲಿಲ್ಲ. ಬಾಸ್ ನುಡಿಸುತ್ತಿದ್ದ ಮಾರ್ಕ್ ಎವನ್ಸ್‌ನನ್ನು 1977ರಲ್ಲಿ ಕೈಬಿಟ್ಟರು. ಅಷ್ಟು ಒಳ್ಳೆಯ ಡ್ರಮ್ಮರ್ ಫಿಲ್ ರಡ್ ಕೂಡ 1983ರಲ್ಲಿ ಹೊರಹೋಗಬೇಕಾಯಿತು, ಹತ್ತು ವರ್ಷ ದಾಟಿದ ಮೇಲೆ ಮತ್ತೆ ಕರೆಸಿಕೊಂಡರು. ಇಷ್ಟು ಬಿಗಿ ಬೇಕಿತ್ತೇ ಎಂದು ಕೆಲವರು ಕೇಳುತ್ತಾರೆ. ಗೆಳೆಯನಾಗಿ ಮಾಲ್ಕಮ್ ಹೇಗಿದ್ದನೋ, ಆದರೆ ತಂಡದ ಸದ್ದು ನಲವತ್ತು ವರ್ಷ ಕೆಡದಂತೆ ಕಾಯ್ದವನು ಅವನು, ಅದಕ್ಕೆ ಬೆಲೆಯನ್ನೂ ಕೊಟ್ಟ.

ಎಂಬತ್ತರ ದಶಕದ ನಡುಭಾಗವನ್ನು ಬೇಗ ದಾಟುತ್ತೇನೆ. ಆ ಆಲ್ಬಮ್‌ಗಳಲ್ಲಿ ಒಳ್ಳೆಯ ರಿಫ್‌ಗಳಿವೆ, ಇಡಿಯಾಗಿ ನಿಲ್ಲುವುದು ಕಡಿಮೆ. ಮಾಲ್ಕಮ್‌ನ ಕುಡಿತ ಹೆಚ್ಚಿತ್ತು. 1988ರ ಪ್ರವಾಸದ ನಡುವೆಯೇ ಅವನು ಬ್ಯಾಂಡಿನಿಂದ ರಜೆ ತೆಗೆದುಕೊಂಡು ಕುಡಿತ ಬಿಡಲು ಹೋದ. ಅವನ ಜಾಗಕ್ಕೆ ಹಿರಿಯಣ್ಣನ ಮಗ ಸ್ಟೀವಿ ಯಂಗ್ ಬಂದು ನಿಂತ. ಸ್ಟೀವಿಗೂ ಮಾಲ್ಕಮ್‌ಗೂ ಮುಖದಲ್ಲಿ ಎಂಥ ಹೋಲಿಕೆ ಎಂದರೆ ಬೇರೆಯವರು ಬಂದಿದ್ದಾರೆ ಎಂಬುದೇ ಅನೇಕ ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ. ಮಾಲ್ಕಮ್ ಕುಡಿತ ಬಿಟ್ಟು ಮರಳಿದ. ಕೋಟಿಗಟ್ಟಲೆ ದುಡ್ಡು ಓಡುವ ಪ್ರವಾಸವನ್ನು ನಡುವೆ ಬಿಟ್ಟು ನನಗೆ ಚಿಕಿತ್ಸೆ ಬೇಕು ಎನ್ನಲು ಗಟ್ಟಿ ಮನಸ್ಸು ಬೇಕು. ಅವನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವ ತೀರ್ಮಾನಗಳಲ್ಲಿ ಇದೂ ಒಂದು. 1990ರ 'ದಿ ರೇಜರ್ಸ್ ಎಡ್ಜ್' ಆಲ್ಬಮ್‌ನ ಎಲ್ಲ ಹಾಡುಗಳೂ ಅಣ್ಣ ತಮ್ಮ ಇಬ್ಬರ ಹೆಸರಿನಲ್ಲೇ ಇವೆ. 'ಥಂಡರ್‌ಸ್ಟ್ರಕ್' ಅದರಲ್ಲಿಯೇ ಬಂದದ್ದು. ಮರುವರ್ಷ ಸೆಪ್ಟೆಂಬರ್ 28ರಂದು ಮಾಸ್ಕೋದ ಟುಶಿನೋ ವಿಮಾನ ಮೈದಾನದಲ್ಲಿ, ಸೋವಿಯತ್ ಒಕ್ಕೂಟ ಒಡೆಯುವ ಕೆಲವೇ ತಿಂಗಳ ಮೊದಲು, ಲಕ್ಷಗಟ್ಟಲೆ ಜನರ ಮುಂದೆ ನುಡಿಸಿದರು.

ಕೊನೆಯ ವರ್ಷಗಳ ಬಗ್ಗೆ ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು. 2008ರಲ್ಲಿ 'ಬ್ಲ್ಯಾಕ್ ಐಸ್' ಬಂತು. ಆ ಹೊತ್ತಿಗಾಗಲೇ ಮಾಲ್ಕಮ್‌ಗೆ ಮರೆವು ಶುರುವಾಗಿತ್ತು. ಮುಂದಿನ ಸುಮಾರು ಎರಡು ವರ್ಷದ ವಿಶ್ವ ಪ್ರವಾಸದಲ್ಲಿ, ತಾನೇ ಬರೆದು ಸಾವಿರಾರು ಸಲ ನುಡಿಸಿದ್ದ ಹಾಡುಗಳನ್ನು ಅವನು ಮತ್ತೆ ಕೂತು ಕಲಿಯಬೇಕಾಗುತ್ತಿತ್ತು ಎಂದು ಆಂಗಸ್ ಆಮೇಲೆ ಹೇಳಿದ. ಆ ರಾತ್ರಿ ಯಾವ ಹಾಡುಗಳಿವೆಯೋ ಅವನ್ನು ಮೊದಲು ಅಭ್ಯಾಸ ಮಾಡಿ ಸ್ಟೇಜಿಗೆ ಹೋಗುವುದು. ಹೋಗಿ ನುಡಿಸುವುದು. 2009ರ ಡಿಸೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಕ್ರೀಡಾಂಗಣದಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮ ಆ ಪ್ರವಾಸದ್ದೇ. ಅದನ್ನು ನೋಡಿ. ಬಲಗೈ ಒಂದೆಳೆ ಅಲುಗುವುದಿಲ್ಲ. ಆ ಕೈಯ ಹಿಂದೆ ಅಷ್ಟೊಂದು ಶ್ರಮವಿತ್ತು ಎಂದು ನೋಡಿದವರಿಗೆ ತಿಳಿಯುವಂತೆಯೇ ಇಲ್ಲ.

2010ರ ಜೂನ್ 28ರಂದು ಸ್ಪೇನಿನ ಬಿಲ್ಬಾವೋದಲ್ಲಿ ಅವನ ಕೊನೆಯ ಕಾರ್ಯಕ್ರಮ. 2014ರಲ್ಲಿ ಅವನು ಇನ್ನು ಬರುವುದಿಲ್ಲ, ಡಿಮೆನ್ಶಿಯಾ ಇದೆ ಎಂದು ಪ್ರಕಟಿಸಿದರು. ಅದೇ ವರ್ಷದ ಆಲ್ಬಮ್‌ನಲ್ಲಿ ಮತ್ತೆ ಸ್ಟೀವಿ ರಿದಮ್ ನುಡಿಸಿದ. 2017ರ ಅಕ್ಟೋಬರ್ 22ರಂದು ಅಣ್ಣ ಜಾರ್ಜ್ ತೀರಿಕೊಂಡ. ತಿಂಗಳು ತುಂಬುವುದರೊಳಗೆ, ನವೆಂಬರ್ 18ರಂದು, ಮಾಲ್ಕಮ್. 64 ವರ್ಷ. ಸಿಡ್ನಿಯ ಸೇಂಟ್ ಮೇರೀಸ್ ಕೆಥೆಡ್ರಲ್‌ನಲ್ಲಿ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು.

ಉಪನ್ಯಾಸದ ಬಳಿಕ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಯುವಕ ಕೇಳಿದ್ದು: ಸರ್, ಮಾಲ್ಕಮ್ ಒಬ್ಬ ಅಪವಾದ ಅಲ್ಲವಾ? ಬೇರೆ ಬ್ಯಾಂಡ್‌ಗಳಲ್ಲಿ ರಿದಮ್ ಗಿಟಾರಿನವರ ಮಾತು ಎಲ್ಲಿ ನಡೆಯುತ್ತದೆ?

ಅಪವಾದವೇನಲ್ಲ. ಜರ್ಮನಿಯ ಸ್ಕಾರ್ಪಿಯನ್ಸ್ ಬ್ಯಾಂಡನ್ನು 1965ರಲ್ಲಿ ಹ್ಯಾನೋವರ್‌ನಲ್ಲಿ ಕಟ್ಟಿದ ರುಡಾಲ್ಫ್ ಶೆಂಕರ್ ರಿದಮ್ ವಾದಕ. ಅಲ್ಲೂ ಮೊದಲ ಆಲ್ಬಮ್‌ನಲ್ಲಿ ಲೀಡ್ ನುಡಿಸಿದ್ದು ತಮ್ಮ, ಮೈಕೆಲ್. ಗನ್ಸ್ ಎನ್ ರೋಸಸ್‌ನ ಒಳ್ಳೆಯ ಹಾಡುಗಳಲ್ಲಿ ಎಷ್ಟರಲ್ಲಿ ಅದರ ರಿದಮ್ ವಾದಕನಾಗಿದ್ದ ಇಜಿ ಸ್ಟ್ರಾಡ್ಲಿನ್ ಹೆಸರಿದೆ ನೋಡಿ. 2011ರ ಅಕ್ಟೋಬರ್ 30ರಂದು ನಮ್ಮ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಮಳೆಯ ಕೆಸರಿನಲ್ಲಿ ನಿಂತು ಕೇಳಿದವರು ಇಲ್ಲೂ ಇದ್ದೀರಿ. ಅಂದು ನಿಮ್ಮ ಎದೆಗೆ ಬಡಿದದ್ದು ಹೆಚ್ಚಾಗಿ ಅದರ ರಿದಮ್ ವಾದಕ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈ. ಅವನ ಶೈಲಿ ಬೇರೆ, ಡಿಸ್ಟಾರ್ಷನ್ ಬಹಳ, ಪಿಕ್ ಹೆಚ್ಚಾಗಿ ಕೆಳಮುಖವಾಗಿ ಹೊಡೆಯುತ್ತಾನೆ. ಆದರೆ ಕೆಲಸ ಅದೇ.

ಇನ್ನೊಬ್ಬರು, ವಯಸ್ಸಿನಲ್ಲಿ ಹಿರಿಯರು, ತಮ್ಮ ಮಗಳು ಬ್ಯಾಂಡ್ ಒಂದರಲ್ಲಿ ರಿದಮ್ ನುಡಿಸುತ್ತಾಳೆ, ಅವಳಿಗೆ ಏನು ಹೇಳಲಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಅಮ್ಮ, ಮೊದಲು ಅವಳ ಗಿಟಾರಿಗೆ ಒಂದು ನಂಬರ್ ದಪ್ಪ ತಂತಿ ಹಾಕಿಸಿ. ಹನ್ನೆರಡಕ್ಕೆ ಹಾರುವುದು ಬೇಡ, ಹತ್ತು ಇದ್ದರೆ ಹನ್ನೊಂದು ಸಾಕು. ಅಂಗಡಿಯವರಿಗೆ ಹೇಳಿ ಗಿಟಾರಿನ ಕುತ್ತಿಗೆ ಸರಿಮಾಡಿಸಿಕೊಳ್ಳಿ, ತಂತಿ ದಪ್ಪವಾದರೆ ಎಳೆತ ಹೆಚ್ಚುತ್ತದೆ. ಪೆಡಲ್ ತೆಗೆದಿಡಲಿ. 'ಹೈವೇ ಟು ಹೆಲ್' ಆರಂಭವನ್ನು ತಾಳ ತಟ್ಟುವ ಮೆಟ್ರೊನೋಮ್ ಹಾಕಿ, ಮೂಲಕ್ಕಿಂತ ನಿಧಾನವಾಗಿ ನುಡಿಸಲಿ. ಕಾರ್ಡ್‌ಗಳು ಒಂದು ಗಂಟೆಯಲ್ಲಿ ಬರುತ್ತವೆ. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಕಾರ್ಡ್‌ಗಳ ನಡುವಿನ ಜಾಗವನ್ನು ಮಾತ್ರ ಕೇಳಲಿ. ಅಲ್ಲಿ ತಂತಿ ಗುಂಯ್ ಅನ್ನುತ್ತಿದ್ದರೆ ಎಡಗೈ ಬೆರಳನ್ನು ಸ್ವಲ್ಪ ಸಡಿಲಿಸಿ ಮುಟ್ಟಿಯೇ ಇರಬೇಕು, ಎತ್ತಬಾರದು. ಬಲ ಅಂಗೈಯ ಅಂಚು ಬ್ರಿಡ್ಜ್ ಹತ್ತಿರ ಇಳಿಯಬೇಕು. ಇದು ಕೈಗೆ ಕೂತ ಮೇಲೆ ಬ್ಯಾಂಡಿನ ಡ್ರಮ್ಮರ್‌ನನ್ನು ಕರೆದು ಇಬ್ಬರೇ ನುಡಿಸಲಿ, ಬೇರೆ ಯಾರೂ ಬೇಡ.